ಸ್ವತಂತ್ರ ಹೆಣಿಗೆ ವಿನ್ಯಾಸಕಾರರನ್ನೂ ಅವರ ಪ್ಯಾಟರ್ನ್‌ಗಳನ್ನೂ ಅಂತರ್ಜಾಲದಲ್ಲಿ ಹುಡುಕುವುದು ಹೇಗೆ?

ಪ್ರಶ್ನೆ | ಬರೆದವರು: ಎರಡುಕಡ್ಡಿ

ಎಲ್ಲರಿಗೂ ನಮಸ್ಕಾರ. ನಾನು ಹಲವು ವರ್ಷಗಳಿಂದ ಉಣ್ಣೆಯ ಹೆಣಿಗೆ ಮಾಡುತ್ತಿದ್ದೇನೆ. ಹಿರಿಯರು ಕೈಹಿಡಿದು ಕಲಿಸಿದ ಟೊಪ್ಪಿ, ಕಾಲುಚೀಲ, ರಾಗ್ಲನ್ ತೋಳಿನ ಸ್ವೆಟರ್ ಇವಿಷ್ಟನ್ನೇ ತಿರುಗಿಸಿ ಮುರುಗಿಸಿ ಹೆಣೆದುಕೊಂಡು ಬಂದವಳು. ಈಗ ಸ್ವತಂತ್ರವಾಗಿ ಕೆಲಸ ಮಾಡುವ, ತಮ್ಮ ಹೆಸರಿನಲ್ಲೇ ಪ್ಯಾಟರ್ನ್ (ಹೆಣೆಯುವ ಕ್ರಮದ ಲಿಖಿತ ಸೂಚನೆ) ಪ್ರಕಟಿಸುವ ವಿನ್ಯಾಸಕಾರರ ಕೆಲಸವನ್ನು ಹೆಣೆಯಬೇಕೆಂಬ ಆಸೆಯಾಗಿದೆ. ಆದರೆ ಅವರನ್ನು ತಲುಪುವ ದಾರಿಯೇ ನನಗೆ ತಿಳಿಯುತ್ತಿಲ್ಲ.

ಹುಡುಕಿದಾಗಲೆಲ್ಲ ಚಿತ್ರಗಳು ರಾಶಿಯಾಗಿ ಬಂದು ಬೀಳುತ್ತವೆ. ಅದೇ ಚಿತ್ರ ಹತ್ತು ಕಡೆ ಕಾಣುತ್ತದೆ, ಹೆಣೆದವರ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಕಳೆದ ತಿಂಗಳು ಒಬ್ಬ ಮಾರಾಟಗಾರರಿಂದ ಹಣ ಕೊಟ್ಟು ಒಂದು ಸ್ವೆಟರ್‌ನ ಪ್ಯಾಟರ್ನ್ ಪಡೆದೆ. ಅದರಲ್ಲಿ ಅಳತೆಗಳಿರಲಿಲ್ಲ, ಸಾಲುಗಳ ಲೆಕ್ಕ ಎಲ್ಲಿಯೂ ತಾಳೆಯಾಗಲಿಲ್ಲ, ಚಿತ್ರದಲ್ಲಿದ್ದ ಜಡೆ ಹೆಣಿಗೆಯ ಪ್ರಸ್ತಾಪವೂ ಇರಲಿಲ್ಲ. ಮೂರು ಸಲ ಬಿಚ್ಚಿ ಹೆಣೆದ ಮೇಲೆ ಕೈಬಿಟ್ಟೆ.

ನನ್ನ ಪ್ರಶ್ನೆಗಳು ಎರಡು. ನಂಬಿಕೆಗೆ ಅರ್ಹರಾದ ವಿನ್ಯಾಸಕಾರರನ್ನು ನೀವು ಹೇಗೆ ಕಂಡುಕೊಳ್ಳುತ್ತೀರಿ? ಹಣ ಕೊಡುವ ಮೊದಲೇ ಪ್ಯಾಟರ್ನಿನ ಗುಣವನ್ನು ಅಳೆಯುವುದು ಸಾಧ್ಯವೇ? ಇದರ ಜೊತೆಗೆ, ಬಹುಕಾಲದಿಂದ ಮನಸ್ಸಿನಲ್ಲಿ ಉಳಿದಿರುವ ಒಂದು ಶಾಲಿನ ವಿಷಯವನ್ನೂ ಕೇಳಿಬಿಡುತ್ತೇನೆ. ಅದು ಉದ್ದನೆಯ ಆಯತಾಕಾರದ್ದು. ಹೆಣಿಗೆ ಓರೆಯಾಗಿ ಸಾಗುತ್ತದೆ. ನಡುನಡುವೆ ಕುಣಿಕೆಗಳನ್ನು ಬೇಕೆಂದೇ ಜಾರಿಬಿಟ್ಟಂತೆ ಏಣಿಯ ಮೆಟ್ಟಿಲುಗಳ ಹಾಗೆ ಸಡಿಲವಾದ ಗೆರೆಗಳಿವೆ. ಇದು ಯಾರ ವಿನ್ಯಾಸವೆಂದು ಯಾರಿಗಾದರೂ ಗೊತ್ತಿದೆಯೇ?

ಉತ್ತರ 1 | ಬರೆದವರು: ನೂಲಿನುಂಡೆ

ನಿಮ್ಮ ಶಾಲನ್ನು ಗುರುತಿಸಲು ನನ್ನಿಂದ ಆಗಲಿಲ್ಲ. ಮೊದಲ ಪ್ರಶ್ನೆಗೆ ಮಾತ್ರ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ, ಏಕೆಂದರೆ ಚಿತ್ರದಿಂದ ಹುಡುಕಾಟ ಶುರುಮಾಡುವ ತಪ್ಪನ್ನು ನಾನೂ ಬಹಳ ಕಾಲ ಮಾಡಿದ್ದೇನೆ.

ನೀವು ರ‍್ಯಾವೆಲ್ರಿಯನ್ನು ಬಳಸದಿದ್ದರೆ ಅಲ್ಲಿಂದಲೇ ಆರಂಭಿಸಿ. 2007ರಲ್ಲಿ ಶುರುವಾದ ಈ ತಾಣಕ್ಕೆ ಸೇರಲು ಹಣ ಕೊಡಬೇಕಿಲ್ಲ. ಹೆಣಿಗೆ ಮತ್ತು ಕ್ರೋಶಾ ಪ್ಯಾಟರ್ನ್‌ಗಳ ಇಷ್ಟು ದೊಡ್ಡ ಸೂಚಿ ನನಗೆ ತಿಳಿದಂತೆ ಬೇರೆಲ್ಲೂ ಇಲ್ಲ. ಬಹಳ ಮಂದಿ ಅಲ್ಲಿಗೆ ಹೋಗಿ ‘ಸ್ವೆಟರ್’ ಎಂದು ಬರೆದು, ಮೊದಲ ಪುಟದಲ್ಲಿ ಬಂದದ್ದನ್ನು ನೋಡಿ ಹಿಂದಿರುಗುತ್ತಾರೆ. ಆ ತಾಣದ ನಿಜವಾದ ಶಕ್ತಿ ಇರುವುದು ಸೋಸಿ ಹುಡುಕುವ ವ್ಯವಸ್ಥೆಯಲ್ಲಿ. ನಿಮ್ಮ ಬಳಿ ಇರುವ ನೂಲಿನ ದಪ್ಪ ಎಷ್ಟು, ಎಷ್ಟು ಮೀಟರ್ ಉಳಿದಿದೆ, ಯಾವ ಅಳತೆಯ ಕಡ್ಡಿ ಇದೆ, ಕೊರಳಿನಿಂದ ಕೆಳಕ್ಕೆ ಹೆಣೆಯುವುದು ಇಷ್ಟವೋ ಅಂಚಿನಿಂದ ಮೇಲಕ್ಕೋ, ಹೊಲಿದು ಕೂಡಿಸುವ ಕೆಲಸ ಬೇಕೋ ಬೇಡವೋ, ಉಚಿತವಾದದ್ದೇ ಬೇಕೋ ಕೊಂಡರೂ ಆದೀತೋ ಎಂಬುದನ್ನೆಲ್ಲ ಒಂದೊಂದಾಗಿ ಆಯ್ದುಕೊಳ್ಳುತ್ತ ಹೋದರೆ ರಾಶಿ ಕರಗುತ್ತದೆ. ಪ್ರಸಿದ್ಧಿಯ ಆಧಾರದ ಮೇಲೆ ಬಂದ ಮೊದಲ ಪುಟದಲ್ಲಿ ಎಂದೂ ಕಾಣದ ಹೆಸರುಗಳು ಆಗ ಕಣ್ಣಿಗೆ ಬೀಳುತ್ತವೆ.

ಆಮೇಲೆ ಪ್ಯಾಟರ್ನಿನ ಚಿತ್ರವನ್ನು ಬಿಟ್ಟು, ಅದನ್ನು ಹೆಣೆದವರ ಪುಟಗಳನ್ನು ನೋಡಿ. ವಿನ್ಯಾಸಕಾರರು ಹಾಕುವ ಚಿತ್ರದಲ್ಲಿ ಬೆಳಕು, ನಿಲುವು, ನೂಲು ಎಲ್ಲವೂ ಅವರು ಆರಿಸಿಕೊಂಡದ್ದೇ ಆಗಿರುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಸ್ವೆಟರನ್ನು ಬೇರೆ ಬೇರೆ ಮೈಕಟ್ಟಿನವರು, ತಮ್ಮ ಕೈಗೆ ಸಿಕ್ಕ ನೂಲಿನಲ್ಲಿ ಹೆಣೆದು ತೊಟ್ಟಿರುವುದನ್ನು ನೋಡಿದಾಗ ಕೊರಳು ಹಿಂದಕ್ಕೆ ಜಾರುತ್ತದೆಯೇ, ಕಂಕುಳಲ್ಲಿ ಬಟ್ಟೆ ಗುಡ್ಡೆಯಾಗುತ್ತದೆಯೇ ಎಂಬುದೆಲ್ಲ ಗೊತ್ತಾಗುತ್ತದೆ. ಜೊತೆಗೆ ಅವರು ಬರೆದಿಟ್ಟ ಟಿಪ್ಪಣಿಗಳಿರುತ್ತವೆ. ‘ತೋಳು ನನಗೆ ಉದ್ದವಾಯಿತು, 12 ಸಾಲು ಕಡಿಮೆ ಮಾಡಿದೆ’ ಎಂಬಂತಹ ಒಂದು ಸಾಲು ಹತ್ತು ಹೊಗಳಿಕೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎಷ್ಟು ಜನ ಮೆಚ್ಚಿ ಗುರುತು ಹಾಕಿದ್ದಾರೆ ಎಂಬ ಸಂಖ್ಯೆಗೆ ನಾನು ಬೆಲೆ ಕೊಡುವುದಿಲ್ಲ; ಎಷ್ಟು ಜನ ಹೆಣೆದು ಮುಗಿಸಿದ್ದಾರೆ ಎಂಬುದನ್ನೇ ನೋಡುತ್ತೇನೆ.

ಹೊಸ ವಿನ್ಯಾಸಕಾರರು ನನಗೆ ಸಿಕ್ಕಿರುವುದೂ ಈ ದಾರಿಯಲ್ಲೇ. ಯಾರೋ ಒಬ್ಬರ ಟಿಪ್ಪಣಿ ಬಹಳ ಚೆನ್ನಾಗಿದ್ದರೆ, ಅವರು ಇನ್ನೇನು ಹೆಣೆದಿದ್ದಾರೆಂದು ಅವರ ಪುಟಕ್ಕೆ ಹೋಗಿ ನೋಡುತ್ತೇನೆ. ನನ್ನ ಅಭಿರುಚಿಗೆ ಹತ್ತಿರವಾದ ಒಂದು ಜೊತೆ ಕೈಗಳು ಹತ್ತು ವರ್ಷಗಳಲ್ಲಿ ಆರಿಸಿಕೊಂಡ ಪ್ಯಾಟರ್ನ್‌ಗಳ ಪಟ್ಟಿ ಅಲ್ಲಿರುತ್ತದೆ. ಯಾವ ಯಂತ್ರದ ಶಿಫಾರಸೂ ಅದಕ್ಕೆ ಸಾಟಿಯಲ್ಲವೆಂದು ನನ್ನ ಅನುಭವ.

ಉತ್ತರ 2 | ಬರೆದವರು: ಓರೆಹೆಣಿಗೆ

ನೀವು ಹೇಳಿದ ಶಾಲು ‘ಕ್ಲಾಪೋಟಿ’ ಇರಬೇಕು. ಕೇಟ್ ಗಿಲ್ಬರ್ಟ್ ಅವರ ವಿನ್ಯಾಸ. 2004ರಲ್ಲಿ ‘ನಿಟ್ಟಿ’ ಎಂಬ ಅಂತರ್ಜಾಲ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಒಂದು ಮೂಲೆಯಲ್ಲಿ ಬೆರಳೆಣಿಕೆಯ ಕುಣಿಕೆಗಳಿಂದ ಆರಂಭವಾಗಿ, ಓರೆಯಾಗಿ ಅಗಲವಾಗುತ್ತ ಹೋಗಿ, ಎದುರು ಮೂಲೆಯಲ್ಲಿ ಮತ್ತೆ ಕಿರಿದಾಗಿ ಮುಗಿಯುತ್ತದೆ. ಜಾರಿಬಿಡುವ ಕುಣಿಕೆಯ ಎರಡೂ ಬದಿಗೆ ತಿರುಚಿದ ಕುಣಿಕೆಗಳಿರುವುದರಿಂದ ಏಣಿಯ ಅಂಚು ಅಚ್ಚುಕಟ್ಟಾಗಿ ನಿಲ್ಲುತ್ತದೆ. ಆ ಪದಕ್ಕೆ ಫ್ರೆಂಚಿನಲ್ಲಿ ದಡಕ್ಕೆ ಬಡಿಯುವ ಸಣ್ಣ ಅಲೆಗಳ ಸದ್ದು ಎಂಬ ಅರ್ಥವಿದೆ. ಶಾಲನ್ನು ಹರಡಿ ನೋಡಿದರೆ ಹೆಸರು ಎಷ್ಟು ಒಪ್ಪುತ್ತದೆಂದು ತಿಳಿಯುತ್ತದೆ. ಅದು ಉಚಿತವಾಗಿಯೇ ಪ್ರಕಟವಾದ ಪ್ಯಾಟರ್ನ್. ಸಾವಿರಾರು ಜನ ಅದನ್ನು ಹೆಣೆದಿದ್ದಾರೆ.

ವಿನ್ಯಾಸಕಾರರನ್ನು ಪರಿಚಯ ಮಾಡಿಕೊಳ್ಳಲು ‘ನಿಟ್ಟಿ’ಗಿಂತ ಒಳ್ಳೆಯ ಹೊಸ್ತಿಲು ನನಗೆ ಸಿಕ್ಕಿಲ್ಲ. ಏಮಿ ಸಿಂಗರ್ ಅವರು 2002ರಲ್ಲಿ ಆರಂಭಿಸಿದ ಈ ಪತ್ರಿಕೆಯ ಹಳೆಯ ಸಂಚಿಕೆಗಳೂ ಓದಲು ಸಿಗುತ್ತವೆ. ಪ್ರತಿ ಪ್ಯಾಟರ್ನಿನ ಪುಟದಲ್ಲೂ ವಿನ್ಯಾಸಕಾರರ ಕಿರುಪರಿಚಯವಿರುತ್ತದೆ. ಅಲ್ಲಿಂದ ಅವರ ಸ್ವಂತ ತಾಣಕ್ಕೆ ಹೋಗಿ, ಹಣ ಕೊಟ್ಟು ಪಡೆಯುವ ಅವರ ಉಳಿದ ಕೆಲಸವನ್ನು ನೋಡಬಹುದು. ಕಾಲುಚೀಲಗಳ ವಿನ್ಯಾಸಕ್ಕೆ ಹೆಸರಾದ ಕುಕಿ ಎ. ಅವರನ್ನು ನಾನು ಕಂಡುಕೊಂಡದ್ದು 2006ರ ಚಳಿಗಾಲದ ಸಂಚಿಕೆಯಲ್ಲಿ ಬಂದ ‘ಮಂಕಿ’ ಕಾಲುಚೀಲದ ಮೂಲಕ. ಮೊದಲು ಉಚಿತವಾದ ಒಂದನ್ನು ಹೆಣೆದು ಅವರ ಬರವಣಿಗೆಯ ರೀತಿ ನಮಗೆ ಹೊಂದುತ್ತದೆಯೇ ಎಂದು ನೋಡಿ, ಆಮೇಲೆ ಹಣ ಕೊಡುವುದು ನನ್ನ ಪದ್ಧತಿ. ‘ಟಿನ್ ಕ್ಯಾನ್ ನಿಟ್ಸ್’ ಅವರ ಸರಳ ಪ್ಯಾಟರ್ನ್‌ಗಳ ಉಚಿತ ಸಂಗ್ರಹವನ್ನೂ ಇದೇ ರೀತಿ ಪರೀಕ್ಷೆಗೆ ಬಳಸಬಹುದು; ಮಗುವಿನ ಅಳತೆಯಿಂದ ದೊಡ್ಡವರ ಅಳತೆಯವರೆಗೆ ಒಂದೇ ಕಡತದಲ್ಲಿ ಕೊಡುವುದು ಅವರ ರೂಢಿ.

ಎರಡುಕಡ್ಡಿ (ಪ್ರಶ್ನೆ ಕೇಳಿದವರು)

ಅದೇ ಶಾಲು! ಈಗ ತಾನೇ ಪುಟವನ್ನು ತೆರೆದು ನೋಡಿದೆ. ಇಷ್ಟು ವರ್ಷ ಹೆಸರಿಲ್ಲದ ಚಿತ್ರವಾಗಿ ಕಂಡದ್ದಕ್ಕೆ ಒಬ್ಬ ಕರ್ತೃವಿದ್ದಾರೆಂದು ತಿಳಿದು ಬಹಳ ಸಂತೋಷವಾಯಿತು. ಇಬ್ಬರಿಗೂ ಕೃತಜ್ಞಳಾಗಿದ್ದೇನೆ.

ಎರಡನೆಯ ಪ್ರಶ್ನೆಗೆ ಯಾರಾದರೂ ಉತ್ತರಿಸುವಿರಾ? ಯಾರೂ ಇನ್ನೂ ಹೆಣೆಯದ, ಹೊಸದಾಗಿ ಪ್ರಕಟವಾದ ಪ್ಯಾಟರ್ನ್ ಆಗಿದ್ದರೆ ಹೆಣೆದವರ ಪುಟಗಳೇ ಇರುವುದಿಲ್ಲವಲ್ಲ. ಆಗ ಯಾವುದನ್ನು ನೋಡಿ ನಿರ್ಧರಿಸಬೇಕು?

ಉತ್ತರ 3 | ಬರೆದವರು: ಬಿಚ್ಚಿಹೆಣೆ

ನಾನು ಕೆಲವು ವಿನ್ಯಾಸಕಾರರಿಗೆ ಪರೀಕ್ಷಾ ಹೆಣಿಗೆ, ಅಂದರೆ ಪ್ಯಾಟರ್ನ್ ಪ್ರಕಟವಾಗುವ ಮೊದಲೇ ಅದನ್ನು ಹೆಣೆದು ನೋಡುವ ಕೆಲಸ, ಮಾಡಿಕೊಡುತ್ತೇನೆ. ಒಳಗಿನ ಕೆಲಸ ಹೇಗೆ ನಡೆಯುತ್ತದೆಂದು ತಿಳಿದರೆ ಹೊರಗಿನಿಂದ ಏನನ್ನು ನೋಡಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಒಂದು ಸ್ವೆಟರ್ ಹೆಣೆದು, ಹೇಗೆ ಹೆಣೆದೆನೆಂದು ಬರೆದರೆ ಅದು ಪ್ಯಾಟರ್ನ್ ಆಗುವುದಿಲ್ಲ. ಮೊದಲು ಮಾದರಿ ತುಂಡನ್ನು ಹೆಣೆದು, ತೊಳೆದು, ಒಣಗಿಸಿ 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ, ಎಷ್ಟು ಸಾಲು ಎಂದು ಎಣಿಸುತ್ತಾರೆ. ಆಮೇಲೆ ಗ್ರೇಡಿಂಗ್, ಅಂದರೆ ಒಂದು ಅಳತೆಯ ಲೆಕ್ಕವನ್ನು ಉಳಿದ ಅಳತೆಗಳಿಗೆ ಹೊಂದಿಸುವ ಕೆಲಸ. ಇಲ್ಲಿಯೇ ಅನನುಭವಿಗಳು ಎಡವುತ್ತಾರೆ. ಎದೆಯ ಸುತ್ತಳತೆ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಭುಜದ ಅಗಲವಾಗಲಿ ತೋಳಿನ ಉದ್ದವಾಗಲಿ ಹೆಚ್ಚುವುದಿಲ್ಲ. ಎಲ್ಲವನ್ನೂ ಒಂದೇ ಗುಣಕದಿಂದ ಹಿಗ್ಗಿಸಿದ ಪ್ಯಾಟರ್ನಿನಲ್ಲಿ ದೊಡ್ಡ ಅಳತೆಯ ಸ್ವೆಟರಿನ ಕೊರಳು ಭುಜದಿಂದ ಜಾರಿಬೀಳುತ್ತದೆ. ಗ್ರೇಡಿಂಗ್ ಆದ ಮೇಲೆ ಟೆಕ್ನಿಕಲ್ ಎಡಿಟರ್ ಒಬ್ಬರು ಪ್ರತಿಯೊಂದು ಸಂಖ್ಯೆಯನ್ನೂ ಪರಿಶೀಲಿಸುತ್ತಾರೆ. ಕೊನೆಯಲ್ಲಿ ನನ್ನಂಥವರು ಬೇರೆ ಬೇರೆ ಅಳತೆಗಳಲ್ಲಿ ಹೆಣೆದು, ಎಲ್ಲಿ ಗೊಂದಲವಾಯಿತೆಂದು ತಿಳಿಸುತ್ತೇವೆ. ಒಂದು ಸ್ವೆಟರಿಗೆ ಈ ಎಲ್ಲ ಹಂತಗಳೂ ಸೇರಿ ತಿಂಗಳುಗಟ್ಟಲೆ ಹಿಡಿಯುತ್ತವೆ. ಇಷ್ಟನ್ನೂ ಒಬ್ಬರೇ ತಮ್ಮ ಕೈಯಿಂದ ಖರ್ಚು ಹಾಕಿ ಮಾಡಿಸುತ್ತಾರೆಂಬುದನ್ನು ಕಂಡಿರುವುದರಿಂದ, ಕೊಂಡ ಕಡತವನ್ನು ಗೆಳತಿಯರಿಗೆಲ್ಲ ಕಳಿಸುವುದನ್ನು ನಾನು ಸಣ್ಣ ವಿಷಯವೆಂದು ಭಾವಿಸಲಾರೆ.

ಆದ್ದರಿಂದ ಪ್ರಕಟಣೆಯ ಪುಟದಲ್ಲಿ ಗೇಜ್, ಅಂದರೆ 10 ಸೆಂಟಿಮೀಟರಿನ ಆ ಕುಣಿಕೆ-ಸಾಲುಗಳ ಲೆಕ್ಕ, ಇದೆಯೇ, ಅದನ್ನು ತೊಳೆದ ಮೇಲೆ ಅಳೆದದ್ದೆಂದು ಹೇಳಿದ್ದಾರೆಯೇ ಎಂದು ನೋಡಿ. ಪ್ರತಿ ಅಳತೆಗೂ ಮುಗಿದ ಉಡುಪಿನ ಸುತ್ತಳತೆ, ಬೇಕಾಗುವ ನೂಲಿನ ಮೀಟರ್, ಮೈಗಿಂತ ಎಷ್ಟು ಸಡಿಲವಾಗಿ ತೊಡಬೇಕೆಂಬ ಸೂಚನೆ ಇವು ಇರಲೇಬೇಕು. ಎಡಿಟರ್ ಮತ್ತು ಪರೀಕ್ಷಾ ಹೆಣಿಗೆಯವರಿಗೆ ಕೃತಜ್ಞತೆ ಹೇಳಿದ್ದರೆ ಅದು ಒಳ್ಳೆಯ ಲಕ್ಷಣ. ಹಳೆಯ ಪ್ಯಾಟರ್ನ್‌ಗಳಿಗೆ ತಿದ್ದುಪಡಿ ಪಟ್ಟಿ ಇರುವುದನ್ನು ಕಂಡು ಹಿಂಜರಿಯಬೇಡಿ. ತಪ್ಪನ್ನು ಒಪ್ಪಿ ತಿದ್ದುವವರು ಪ್ಯಾಟರ್ನನ್ನು ಮಾರಿದ ಮೇಲೂ ನೋಡಿಕೊಳ್ಳುತ್ತಿದ್ದಾರೆಂದು ಅದರಿಂದ ತಿಳಿಯುತ್ತದೆ.

ಗೇಜಿನ ವಿಷಯದಲ್ಲಿ ಉದಾಸೀನ ಬೇಡವೆಂದು ಒತ್ತಿ ಹೇಳುತ್ತೇನೆ. 10 ಸೆಂಟಿಮೀಟರಿಗೆ 22 ಕುಣಿಕೆಯ ಲೆಕ್ಕದಲ್ಲಿ 100 ಸೆಂಟಿಮೀಟರ್ ಸುತ್ತಳತೆಗೆ 220 ಕುಣಿಕೆ ಬೇಕು. ನಿಮ್ಮ ಕೈ ಸಡಿಲವಾಗಿ 20 ಕುಣಿಕೆ ಬಂದರೆ ಅದೇ 220 ಕುಣಿಕೆಗಳು 110 ಸೆಂಟಿಮೀಟರ್ ಆಗಿಬಿಡುತ್ತವೆ. ಅಂತಹ ಸ್ವೆಟರ್ ಹಿಡಿದು ವಿನ್ಯಾಸಕಾರರನ್ನು ದೂರಿದವರನ್ನು ನಾನು ಕಂಡಿದ್ದೇನೆ.

ನಿಮಗೆ ಆದ ಮೋಸದ ಬಗ್ಗೆ ಹೇಳುವುದಾದರೆ, ಆ ಚಿತ್ರ ಬಹುಶಃ ಕಂಪ್ಯೂಟರ್ ತಯಾರಿಸಿದ್ದಿರಬೇಕು. ಅಂತಹವು ಈಗ ಬಹಳ ಬರುತ್ತಿವೆ. ಚಿತ್ರವನ್ನು ಹಿಗ್ಗಿಸಿ ಒಂದೇ ಒಂದು ಕುಣಿಕೆಯ ಕಂಬವನ್ನು ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ಹಿಂಬಾಲಿಸಿ. ನಿಜವಾದ ಹೆಣಿಗೆಯಲ್ಲಿ ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತೆಂದು ಹೇಳಬಹುದು. ಸುಳ್ಳು ಚಿತ್ರದಲ್ಲಿ ಜಡೆಯ ಒಂದು ಎಳೆ ನಡುವೆಯೇ ಮಾಯವಾಗಿರುತ್ತದೆ, ಗುಂಡಿಗಳೆದುರು ಕಾಜಾ ಇರುವುದಿಲ್ಲ, ಎಡತೋಳಿನ ವಿನ್ಯಾಸ ಬಲತೋಳಿನಲ್ಲಿ ಬೇರೆಯಾಗಿರುತ್ತದೆ. ಒಂದೇ ಉಡುಪಿನ ಹಿಂಭಾಗದ, ಒಳಭಾಗದ, ಅಂಚಿನ ಚಿತ್ರಗಳು ಇಲ್ಲದಿದ್ದರೆ ನಾನಂತೂ ಕೊಳ್ಳುವುದಿಲ್ಲ.

ಉತ್ತರ 4 | ಬರೆದವರು: ಹಳೆಯಉಣ್ಣೆ

ಮೇಲಿನ ಉತ್ತರಗಳನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಒಂದೇ ತಾಣದ ಮೇಲೆ ನಿಲ್ಲಿಸುವುದು ನನಗೆ ಸರಿಕಾಣುವುದಿಲ್ಲ. 2020ರಲ್ಲಿ ರ‍್ಯಾವೆಲ್ರಿ ತನ್ನ ರೂಪವನ್ನು ಬದಲಿಸಿದಾಗ, ಪುಟವನ್ನು ನೋಡಿದರೆ ತಲೆನೋವು ಬರುತ್ತದೆಂದು ಅನೇಕರು ದೂರಿ ದೂರ ಸರಿದರು. ಅವರಲ್ಲಿ ನಾನೂ ಒಬ್ಬಳು. ಆಮೇಲೆ ವಿನ್ಯಾಸಕಾರರ ಸ್ವಂತ ತಾಣಗಳು ಮತ್ತು ಅವರು ಮಿಂಚಂಚೆಯಲ್ಲಿ ಕಳಿಸುವ ಸುದ್ದಿಪತ್ರಗಳೇ ನನ್ನ ಆಧಾರವಾದವು. ಹೊಸ ಪ್ಯಾಟರ್ನ್ ಬಂದಾಗ, ಪರೀಕ್ಷಾ ಹೆಣಿಗೆಗೆ ಜನ ಬೇಕಾದಾಗ, ಎಲ್ಲರೂ ಸೇರಿ ಒಂದೇ ಪ್ಯಾಟರ್ನ್ ಹೆಣೆಯುವ ಕಾರ್ಯಕ್ರಮ ಶುರುವಾದಾಗ ಅದರಲ್ಲೇ ತಿಳಿಯುತ್ತದೆ.

ಇದು ಹೊಸ ದಾರಿಯೇನಲ್ಲ. ಹಿಂದಿನ ತಲೆಮಾರಿನ ಹೆಸರಾಂತ ಹೆಣಿಗೆ ವಿನ್ಯಾಸಕಿ ಎಲಿಜಬೆತ್ ಝಿಮರ್ಮನ್ ಅವರು ಹೊಲಿಗೆಯಿಲ್ಲದೆ ಸುತ್ತಾಗಿ ಹೆಣೆಯಲು ಬರೆದ ಸೂಚನೆಗಳನ್ನು ಪತ್ರಿಕೆಯವರು ಬಿಡಿ ಭಾಗಗಳಾಗಿ ಹೆಣೆದು ಹೊಲಿಯುವಂತೆ ತಿದ್ದಿ ಪ್ರಕಟಿಸಿದ್ದರಿಂದ, ಅವರು ತಮ್ಮದೇ ಸುದ್ದಿಪತ್ರವನ್ನು ಬರೆದು ಅಂಚೆಯಲ್ಲಿ ಓದುಗರಿಗೆ ಕಳಿಸತೊಡಗಿದರು. 1959ರಲ್ಲಿ ‘ಸ್ಕೂಲ್‌ಹೌಸ್ ಪ್ರೆಸ್’ ಎಂಬ ಸ್ವಂತ ಸಂಸ್ಥೆಯನ್ನೂ ಕಟ್ಟಿದರು. ತಮ್ಮ ಸೂಚನೆ ತಾವು ಬರೆದಂತೆಯೇ ಹೆಣೆಯುವವರ ಕೈಸೇರಬೇಕೆಂಬ ಆ ಹಟವೇ ಇಂದಿನ ಸ್ವತಂತ್ರ ವಿನ್ಯಾಸಕಾರರಲ್ಲೂ ಇದೆ. ಹಾಗಾಗಿ ಪ್ಯಾಟರ್ನಿನಲ್ಲಿ ಏನಾದರೂ ಅರ್ಥವಾಗದಿದ್ದರೆ ಸಂಕೋಚವಿಲ್ಲದೆ ಅವರಿಗೇ ಬರೆದು ಕೇಳಿ. ಯಾವ ಪುಟ, ಯಾವ ಸಾಲು, ನಿಮ್ಮ ಅಳತೆ ಯಾವುದು, ಕಡ್ಡಿಯ ಮೇಲೆ ಎಷ್ಟು ಕುಣಿಕೆ ಉಳಿದಿವೆ ಎಂದು ತಿಳಿಸಿದರೆ ಬಹುತೇಕರು ಉತ್ತರಿಸುತ್ತಾರೆ.

ಎರಡುಕಡ್ಡಿ (ಪ್ರಶ್ನೆ ಕೇಳಿದವರು)

ಬಿಚ್ಚಿಹೆಣೆ ಅವರು ಹೇಳಿದಂತೆ ಆ ಸ್ವೆಟರಿನ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಎದೆಯ ಮೇಲಿನ ಜಡೆಯಲ್ಲಿ ಕೆಳಗೆ ಮೂರು ಎಳೆಗಳಿವೆ, ಕೊರಳಿನ ಹತ್ತಿರ ನಾಲ್ಕಾಗಿವೆ. ನಾಲ್ಕನೆಯದು ಎಲ್ಲಿಂದ ಬಂತೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ತಪ್ಪು ನನ್ನ ಕೈಯದಲ್ಲವೆಂದು ಇವತ್ತು ಸಮಾಧಾನವಾಯಿತು. ಆ ಉಣ್ಣೆಯನ್ನು ಬಿಚ್ಚಿ, ತೊಳೆದು, ಸುರುಳಿ ಬಿಡಲು ನೇತುಹಾಕಿದ್ದೇನೆ. ಒಣಗಿದ ಮೇಲೆ ಕ್ಲಾಪೋಟಿಗಾಗಿ ಮಾದರಿ ತುಂಡನ್ನು ಹೆಣೆಯುತ್ತೇನೆ. ನನ್ನ ಉಣ್ಣೆ ಸ್ವಲ್ಪ ಒರಟು. ಕುಣಿಕೆ ತಾನಾಗಿ ಜಾರದೆ ಅಂಟಿಕೊಂಡರೆ ಏನು ಮಾಡಬೇಕು?

ಓರೆಹೆಣಿಗೆ

ಒರಟು ಉಣ್ಣೆಯಲ್ಲಿ ಅದು ಅಂಟಿಕೊಳ್ಳುತ್ತದೆ, ಹೆದರಬೇಕಾಗಿಲ್ಲ. ಕುಣಿಕೆಯನ್ನು ಕಡ್ಡಿಯಿಂದ ಬಿಟ್ಟ ಮೇಲೆ ಬಟ್ಟೆಯನ್ನು ಅಡ್ಡಡ್ಡ ಎಳೆದು, ಬೇರೊಂದು ಕಡ್ಡಿಯ ತುದಿಯಿಂದ ಒಂದೊಂದೇ ಮೆಟ್ಟಿಲನ್ನು ಬಿಡಿಸುತ್ತ ಕೆಳಗಿಳಿಯಿರಿ. ಮಾದರಿ ತುಂಡಿನಲ್ಲೂ ಒಂದು ಕುಣಿಕೆಯನ್ನು ಹೀಗೆ ಜಾರಿಸಿ ನೋಡಿ, ಏಕೆಂದರೆ ಏಣಿ ಬಿಚ್ಚಿಕೊಂಡ ಮೇಲೆ ಶಾಲಿನ ಅಗಲ ಹೆಚ್ಚುತ್ತದೆ. ಎಷ್ಟು ಹೆಚ್ಚುತ್ತದೆಂಬುದು ನಿಮ್ಮ ಉಣ್ಣೆಯನ್ನು ಅವಲಂಬಿಸಿರುತ್ತದೆ.