ಲಕ್ಷಗಟ್ಟಲೆ ಕಟ್ಟಡ, 8 ಜಿಬಿ ಲ್ಯಾಪ್‌ಟಾಪ್: ಯಾವ ಸಾಫ್ಟ್‌ವೇರ್ ಹಿಡಿಯಲಿ?

ಗೂಗಲ್‌ನ ಓಪನ್ ಬಿಲ್ಡಿಂಗ್ಸ್ ಎಂಬ ಡೇಟಾ ಸಂಗ್ರಹದಿಂದ ತುಮಕೂರು, ಹಾಸನ ಸುತ್ತಲಿನ ಕಟ್ಟಡಗಳ ಡೇಟಾ ಇಳಿಸಿಕೊಂಡಿದ್ದೇನೆ. ಎಲ್ಲಾ ಸಿಎಸ್‌ವಿ, ಅಂದರೆ ಪಠ್ಯರೂಪದ ಪಟ್ಟಿ ಫೈಲ್. ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್‌ನಲ್ಲಿ ತೆರೆದು ನಕ್ಷೆ ಸ್ವಲ್ಪ ಸರಿಸಿದರೂ ಪರದೆ ಬಿಳಿ. ಬೇರೆ ಸಾಫ್ಟ್‌ವೇರ್ ಬೇಕಾ? ಬಳಸಿದವರು ಹೇಳಿ.

– ಮೊದಲು ಫೈಲ್ ಬದಲಾಯಿಸಿ, ಸಾಫ್ಟ್‌ವೇರ್ ಆಮೇಲೆ. ನಾನೂ ಒಂದು ತಿಂಗಳು ಸುಮ್ನೆ ಲ್ಯಾಪ್‌ಟಾಪನ್ನು ಬೈದಿದ್ದೇನೆ. ಸಿಎಸ್‌ವಿ ಬರೀ ಪಠ್ಯ, ಯಾವ ಕಟ್ಟಡ ಎಲ್ಲಿದೆ ಎಂಬ ಇಂಡೆಕ್ಸ್ ಅದರಲ್ಲಿ ಇರುವುದಿಲ್ಲ. ಜಿಯೋಪ್ಯಾಕೇಜ್ ಎಂಬ ನಕ್ಷೆ-ಡೇಟಾ ಫೈಲ್ ಆಗಿ ಉಳಿಸಿದರೆ ಆ ಇಂಡೆಕ್ಸ್ (ಸ್ಪೇಷಿಯಲ್ ಇಂಡೆಕ್ಸ್) ಫೈಲ್ ಒಳಗೇ ಕೂರುತ್ತದೆ. ಕಣ್ಣಿಗೆ ಕಾಣುವ ಭಾಗವನ್ನಷ್ಟೇ ಓದಿದರೆ ಸಾಕಾಗುತ್ತದೆ. ಶೇಪ್‌ಫೈಲ್ ಎಂಬ ಹಳೆಯ ನಕ್ಷೆ ಫಾರ್ಮ್ಯಾಟ್ ಮಾತ್ರ ಬೇಡ. 2 ಜಿಬಿ ಮಿತಿ ಇದೆ, ಕಾಲಂ ಹೆಸರನ್ನು 10 ಅಕ್ಷರಕ್ಕೆ ಕತ್ತರಿಸುತ್ತದೆ. ನನ್ನ 'ಏರಿಯಾ ಇನ್ ಮೀಟರ್ಸ್' ಕಾಲಂ 'ಏರಿಯಾ ಇನ್ ಮಿ' ಆಗಿಹೋಗಿತ್ತು!

ಇನ್ನೊಂದು. ಇಡೀ ಜಿಲ್ಲೆ ಕಾಣುವಾಗ ಒಂದು ಮನೆ ಒಂದು ಪಿಕ್ಸೆಲ್‌ಗಿಂತಲೂ ಚಿಕ್ಕದು. ಅದನ್ನು ಬರೆದು ಏನು ಲಾಭ? ಲೇಯರ್‌ನ (ನಕ್ಷೆಯ ಪದರದ) ರೆಂಡರಿಂಗ್ ಸೆಟ್ಟಿಂಗ್‌ನಲ್ಲಿ ಸ್ಕೇಲ್ ಮಿತಿ ಹಾಕಿ, ಹತ್ತಿರ ಹೋದಾಗಷ್ಟೇ ಕಟ್ಟಡ ಕಾಣಲಿ. ದೂರದಿಂದ ನೋಡಲು ಹೋಬಳಿವಾರು ಎಣಿಕೆಯ ಬೇರೆ ಲೇಯರ್ ಮಾಡಿಕೊಳ್ಳಿ.

– ಎಲ್ಲಿ ದಟ್ಟ, ಎಲ್ಲಿ ವಿರಳ ಅಂತ ಬೇಗ ನೋಡಬೇಕಾದರೆ ಕೆಪ್ಲರ್ ಎಂಬ ನಕ್ಷೆ ಸಾಧನ ಚೆನ್ನಾಗಿದೆ. ಊಬರ್ 2018ರಲ್ಲಿ ಮುಕ್ತವಾಗಿ ಬಿಟ್ಟದ್ದು. ಬ್ರೌಸರ್‌ನಲ್ಲೇ ಓಡುತ್ತದೆ, ಬರೆಯುವ ಕೆಲಸವೆಲ್ಲ ಗ್ರಾಫಿಕ್ಸ್ ಕಾರ್ಡಿನದ್ದು. ಪಾಲಿಗಾನ್ (ಕಟ್ಟಡಗಳ ಪೂರ್ತಿ ಆಕಾರ) ಕೊಟ್ಟಾಗ ನನ್ನ ಟ್ಯಾಬ್ ಬಿದ್ದುಹೋಯಿತು. ಬರೀ ಅಕ್ಷಾಂಶ, ರೇಖಾಂಶ ಕೊಟ್ಟೆ, ಸರಾಗವಾಗಿ ಬಂತು. ಆ ಎರಡೂ ಕಾಲಂ ನಿಮ್ಮ ಫೈಲಿನಲ್ಲಿ ಇವೆ, ಅಲ್ವಾ?

– ಬೇರೆಯವರಿಗೂ ತೋರಿಸುವುದಿದ್ದರೆ ಟಿಪ್ಪೆಕನೂ ಎಂಬ ಸಾಧನದಿಂದ ವೆಕ್ಟರ್ ಟೈಲ್ಸ್ (ಜೂಮ್‌ಗೆ ತಕ್ಕಂತೆ ತುಂಡು ಮಾಡಿದ ನಕ್ಷೆ) ಮಾಡಿ, ಪಿಎಂಟೈಲ್ಸ್ ಎಂಬ ಒಂದೇ ಫೈಲಾಗಿ ಇಡಿ. ನಕ್ಷೆಗೆಂದೇ ಸರ್ವರ್ ನಡೆಸುವ ತಲೆನೋವಿಲ್ಲ. ವಿಂಡೋಸ್‌ನಲ್ಲಿ ಒಳಗೊಂದು ಲಿನಕ್ಸ್ ಹಾಕಿಕೊಳ್ಳಬೇಕು, ಅಷ್ಟೇ. ಆದರೆ ದೂರದ ಜೂಮ್‌ನಲ್ಲಿ ಅದು ಎಷ್ಟೋ ಕಟ್ಟಡಗಳನ್ನು ಬಿಟ್ಟುಬಿಡುತ್ತದೆ. ಎಣಿಕೆಗೆ ಮೂಲ ಫೈಲನ್ನೇ ಬಳಸಿ. ಇದು ಗೊತ್ತಿಲ್ಲದೆ ನಾನು ಒಂದು ಸಭೆಯಲ್ಲಿ ಅರ್ಧ ಊರನ್ನೇ ಮಾಯ ಮಾಡಿದ್ದೆ.

– ಪ್ರಶ್ನೆ ಕೇಳಿದವನು ನಾನೇ. ಜಿಯೋಪ್ಯಾಕೇಜ್ ಮಾಡಿದೆ, ಅದೇ ಲ್ಯಾಪ್‌ಟಾಪ್‌ನಲ್ಲಿ ಈಗ ನಕ್ಷೆ ಸರಿಯುತ್ತಿದೆ. ಹತ್ತಿರ ಹೋಗಿ ನೋಡಿದರೆ ನಮ್ಮೂರ ಕೋಳಿ ಫಾರಂ ಕೂಡ ಮನೆಗಳ ಲೆಕ್ಕಕ್ಕೆ ಸೇರಿದೆ. ಇಂಥದ್ದನ್ನು ವಿಸ್ತೀರ್ಣ ನೋಡಿ ತೆಗೆಯುತ್ತೀರಾ, ಇಲ್ಲಾ ಕೈಯಲ್ಲೇ ಹೆಕ್ಕುತ್ತೀರಾ?