ಅಪ್‌ಡೇಟ್: ರೈಡಿಂಗ್ ಜಾಕೆಟ್ ರಿಪೇರಿ ಆಯ್ತು

ಬೆಂಗಳೂರಲ್ಲಿ ಬೈಕ್ ರೈಡಿಂಗ್ ಜಾಕೆಟ್‌ನ ಜಿಪ್, ಹೊಲಿಗೆ ಸರಿಮಾಡುವವರು ಎಲ್ಲಿ ಸಿಗುತ್ತಾರೆ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಕೆಲಸ ಮುಗಿಯಿತು. ಮನೆ ಹತ್ತಿರದ ಟೈಲರ್ ಜಾಕೆಟ್ ಮುಟ್ಟಿ ನೋಡಿ ಕೈ ಮುಗಿದರು. ಅವರ ಮಷಿನ್‌ಗೆ ಆ ದಪ್ಪ ಬಟ್ಟೆ ಆಗುವುದಿಲ್ಲವಂತೆ. ನೀವು ಹೇಳಿದ ಹಾಗೆ ಜೆ.ಸಿ. ರಸ್ತೆಗೆ ಹೋದೆ. ಸೀಟ್ ಕವರ್ ಹೊಲಿಯುವವರ ಹತ್ತಿರ ಗಟ್ಟಿ ಮಷಿನ್ ಇತ್ತು, ನೈಲಾನ್ ದಾರವೂ ಇತ್ತು. ಕಾಟನ್ ದಾರ ಬೇಡ ಅಂತ ಮೊದಲೇ ಹೇಳಿಬಿಡಿ, ಮಳೆ ಬೆವರಿಗೆ ಬೇಗ ಹಾಳಾಗುತ್ತದೆ. ಭುಜ, ಮೊಣಕೈಯ ಆರ್ಮರ್ (ಪೆಟ್ಟು ತಡೆಯುವ ಪ್ಯಾಡ್) ತೆಗೆದೇ ಕೊಡಿ.

ಜಿಪ್‌ಗೆ ಬರೀ ರನ್ನರ್ (ಹಿಡಿದು ಎಳೆಯುವ ಭಾಗ) ಬದಲಿಸಿದರೆ ಸಾಕಾಯ್ತು. ಇಷ್ಟಕ್ಕೇ ಅಂಗಡಿಯವರು ಹೊಸ ಜಾಕೆಟ್ ತಗೊಳ್ಳಿ ಅಂದಿದ್ದರು ನೋಡಿ! ಆದರೆ ಮೊಣಕೈ ಬಟ್ಟೆಯೇ ಸವೆದಿದ್ದರೆ ತೇಪೆ ನಂಬಬೇಡಿ. ಬಿದ್ದಾಗ ರಸ್ತೆಗೆ ಉಜ್ಜುವುದು ಅದೇ ಜಾಗ ಅಲ್ವಾ? ಹೊಸ ಹೊಲಿಗೆಯ ತೂತಿನಿಂದ ನೀರು ಇಳಿಯಬಹುದು, ಮಳೆಗೆ ಮೇಲೊಂದು ರೇನ್‌ಕೋಟ್ ಇರಲಿ.