ಅಪ್‌ಡೇಟ್: ಮಗನ ಎಡಿಎಚ್‌ಡಿ ತಪಾಸಣೆ ಆಯ್ತು

ಒಂಬತ್ತು ವರ್ಷದ ಮಗ ಕ್ಲಾಸಲ್ಲಿ ಕೂತಲ್ಲಿ ಕೂರೋದಿಲ್ಲ, ಇದು ತುಂಟತನವೋ ಎಡಿಎಚ್‌ಡಿಯೋ (ಗಮನ ನಿಲ್ಲದಿರುವ, ಅತಿಯಾಗಿ ಚಡಪಡಿಸುವ ತೊಂದರೆ) ಅಂತ ಶಿರಸಿಯಿಂದ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ನೀವು ಹೇಳಿದಂತೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು.

ರಕ್ತಪರೀಕ್ಷೆಯಲ್ಲಾಗಲಿ ಸ್ಕ್ಯಾನ್‌ನಲ್ಲಾಗಲಿ ಇದು ಗೊತ್ತಾಗುವುದಿಲ್ಲ. ಡಾಕ್ಟರು ಬಹಳ ಹೊತ್ತು ಮಾತಾಡಿದರು: ಅವನು ಮಾತು ಕಲಿತದ್ದು, ನಿದ್ದೆ, ಓದು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತಾ ಅಂತೆಲ್ಲ. ಕಣ್ಣು, ಕಿವಿ ಸರಿಯಿದೆಯಾ ಅಂತಲೂ ನೋಡಿಸಿದರು. ಟೀಚರಿಗೂ ಒಂದು ಪ್ರಶ್ನಾವಳಿ ಕೊಟ್ಟರು. ಲಕ್ಷಣಗಳು ಕನಿಷ್ಠ 6 ತಿಂಗಳಿಂದ, ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು, 12 ವರ್ಷದೊಳಗೇ ಶುರುವಾಗಿರಬೇಕು. ಟೀಚರು ಬರೆದ ವಿವರ ನಮ್ಮ ಮಾತಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ದಯವಿಟ್ಟು ಅದನ್ನು ಬಿಡಬೇಡಿ.

ಎಡಿಎಚ್‌ಡಿ ಹೌದು ಅಂದರು. ಅವನನ್ನು ಸೋಮಾರಿ ಅಂತ ಇನ್ನು ಯಾರೂ ಬೈಯಬಾರದು, ನನಗೆ ಅಷ್ಟು ಸಾಕು.

ಇನ್ನೊಂದು. ಪ್ರಶ್ನೆ ಓದ್ತಾ ನಮ್ಮನೆಯವರು "ಇದೆಲ್ಲ ನನಗೂ ಇತ್ತಲ್ಲೇ" ಅಂದರು. ದೊಡ್ಡವರಾದಾಗ ಓಡಾಟ ತಗ್ಗಿ, ಮರೆವು, ಕೆಲಸ ಅರ್ಧಕ್ಕೆ ಬಿಡೋದು ಉಳಿಯಬಹುದಂತೆ. ಡಾಕ್ಟರ ಪಟ್ಟಿಯಲ್ಲಿರುವ ಲಕ್ಷಣಗಳಲ್ಲಿ ಮಕ್ಕಳಿಗೆ ಕನಿಷ್ಠ 6 ಬೇಕಾದರೆ 17 ತುಂಬಿದವರಿಗೆ 5 ಸಾಕು, ಆದರೆ ಚಿಕ್ಕಂದಿನಲ್ಲೂ ಇತ್ತು ಅನ್ನೋದಕ್ಕೆ ಆಧಾರ ಬೇಕು. ಅತ್ತೆಯವರ ಹತ್ತಿರ ಕೇಳಿ ಬರೆದಿಡ್ತಿದ್ದೇನೆ. ಅಡಿಕೆ ಕೊಯ್ಲು ಮುಗಿದ ಮೇಲೆ ನಮ್ಮನೆಯವರೂ ತೋರಿಸಿಕೊಳ್ತಾರೆ.